ಮಾಮೆ ಹಿಡಿದ ಜಾಡು

ಸಂಜೆ ಲಿಫ್ಟಿನಲ್ಲಿ ಪಕ್ಕದ ಮನೆಯ ನಾಯಿ ನನ್ನ ಬೂಟು ಮೂಸಿತು. ಬೆಕ್ಕಿಗಿಂತ ತುಸು ದೊಡ್ಡದಿರಬಹುದು, ಸ್ವೆಟರ್ ಬೇರೆ ಹಾಕಿಕೊಂಡಿತ್ತು. ಅದರ ಒಡತಿ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಹಗ್ಗ ಎಳೆದುಕೊಳ್ಳುವಷ್ಟರಲ್ಲಿ ನಾನು ಗೋಡೆಗೆ ಅಂಟಿಕೊಂಡಿದ್ದೆ. ಮನೆಯೊಳಗೆ ಬಂದ ಮೇಲೆ ಹೆಂಡತಿ ಸುಮಾ ನಕ್ಕಳು. "ಅಷ್ಟು ಕ್ಯೂಟ್ ನಾಯಿಗೆ ಹೆದರ್ತೀಯಲ್ಲೋ!" ಹೆದರಿಕೆಯಲ್ಲ ಎಂದು ವಿವರಿಸಲು ಹೋದರೆ ಕಥೆ ದೊಡ್ಡದು. ಅವಳಿಗೆ ಇವತ್ತಿನವರೆಗೂ ಅರ್ಧ ಮಾತ್ರ ಹೇಳಿದ್ದೆ. ನಿಮಗೆ ಪೂರ್ತಿ ಹೇಳುತ್ತೇನೆ.

ಕೊರೋನಾದ ಮೊದಲ ಚಳಿಗಾಲ. ಜಪಾನಿನ ಫುಕುವೋಕಾದಲ್ಲಿ ನಮ್ಮ ಲ್ಯಾಬಿನವರು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರು. ಸುಮಾ ವೀಸಾ ಸಿಗದೆ ಬೆಂಗಳೂರಿನಲ್ಲೇ ಉಳಿದಿದ್ದಳು. ಬಾಡಿಗೆ ಕಡಿಮೆಯೆಂದು ನಾನು ಊರಾಚೆ, ಗುಡ್ಡದ ಬುಡದಲ್ಲಿ ಒಂದು ಹಳೆಯ ಮನೆ ಹಿಡಿದಿದ್ದೆ. ಕೊಂಬಿನಿ ಅಂಗಡಿಯ ಹುಡುಗಿ "ಚೀಲ ಬೇಕಾ?" ಎಂದು ಕೇಳಿದರೆ ಅದೇ ಆ ದಿನದ ಸಂಭಾಷಣೆ. ಯಾವ ಸೈಜು ಎಂದು ಇನ್ನೊಂದು ಪ್ರಶ್ನೆ ಬರಲಿ ಎಂಬ ಆಸೆಗೆ ಬೇಕು ಎನ್ನುತ್ತಿದ್ದೆ. ಮನೆ ತುಂಬ ಚೀಲಗಳಾದವು.

ಹಾಗಿದ್ದಾಗ ಕುರೋಕಿ-ಸಾನ್ ಬಾಗಿಲು ತಟ್ಟಿದರು. ಆ ಊರಿನ ಕ್ಷೌರಿಕರು. ಗಿರಾಕಿಗಳಿಲ್ಲದ್ದರಿಂದ ಕತ್ತರಿಗಿಂತ ನಾಲಿಗೆ ಚುರುಕಾಗಿತ್ತು. ಅವರ ಬಳಿ ಮಾಮೆ ಎಂಬ ಹೆಣ್ಣುನಾಯಿ ಇತ್ತು. ಮಾಮೆ ಎಂದರೆ ಕಾಳು. ಆ ಗುಡ್ಡದಲ್ಲಿ ಬೇಟೆಗಾರರು ಹೊಡೆದ ಜಿಂಕೆ ಗಾಯಗೊಂಡು ಓಡಿಹೋದರೆ, ರಕ್ತದ ಜಾಡು ಹಿಡಿದು ಹುಡುಕುವುದನ್ನು ಅವರು ಮಾಮೆಗೆ ಕಲಿಸುತ್ತಿದ್ದರು.

"ಗುಂಡು ತಗುಲಿದ್ದನ್ನ ನರಳೋಕೆ ಬಿಡಬಾರದು. ಬೇಗ ಹುಡುಕಿ ಮುಗಿಸಿಕೊಡಬೇಕು. ನಾವು ಮಾಡೋ ಕೊನೇ ಮರ್ಯಾದೆ ಅದು" ಎಂದರು.

ಕಲಿಸಲು ಒಬ್ಬ ಹೊರಗಿನವನು ಬೇಕು. ಯಜಮಾನನೇ ಕಾಡಿನಲ್ಲಿ ರಕ್ತ ತೊಟ್ಟಿಕ್ಕಿಸುತ್ತ ಹೋದರೆ ನಾಯಿ ರಕ್ತವನ್ನು ಬಿಟ್ಟು ಯಜಮಾನನ ಹೆಜ್ಜೆಯನ್ನೇ ಮೂಸುತ್ತ ಬರುತ್ತದಂತೆ. ಬೇರೆ ದಿನಗಳಲ್ಲಾದರೆ ಅವರ ಬೇಟೆಯ ಗೆಳೆಯರು ಸರದಿಯ ಮೇಲೆ ಬರುತ್ತಿದ್ದರು. ಈಗ ಕೊರೋನಾ, ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಉಳಿದವನು ನಾನೊಬ್ಬ.

ಕೇಕು ಕೊಂಡರೂ ಮೊಟ್ಟೆ ಇದೆಯೇ ಎಂದು ವಿಚಾರಿಸುವ ಮನೆತನ ನಮ್ಮದು. ಅಂಥವನು ಜಿಂಕೆಯ ರಕ್ತದ ಬಾಟಲಿ ಹಿಡಿದು ಕಾಡು ಸುತ್ತಿದೆ. ಒಮ್ಮೆ ವಿಡಿಯೋ ಕಾಲಿನಲ್ಲಿ ಅಮ್ಮ, "ಏನಪ್ಪಾ ಅದು ಕೈಯಲ್ಲಿ, ಕೆಂಪಗೆ?" ಎಂದು ಕೇಳಿದರು. "ಟೊಮೆಟೊ ಸಾಸ್ ಅಮ್ಮಾ" ಎಂದೆ. ಊಟ ಸರಿಯಾಗಿ ಮಾಡುತ್ತಿದ್ದಾನೆಂದು ಅವರಿಗೆ ಸಮಾಧಾನವಾಯಿತು.

ಜಾಡಿನ ಕೊನೆಯಲ್ಲಿ ನಾನೇ, ಬೇಯಿಸಿದ ಮಾಂಸದ ತುಂಡು ಹಿಡಿದು ಮರದ ಹಿಂದೆ ನಿಂತಿರುತ್ತಿದ್ದೆ. ಮಾಮೆ ನೆಲ ಮೂಸುತ್ತ ಬಂದು, ನನ್ನನ್ನು ಕಂಡೊಡನೆ ಎದೆಗೆ ಹಾರುತ್ತಿದ್ದಳು. ತಿಂಗಳುಗಟ್ಟಲೆ ಯಾರೂ ಮುಟ್ಟದ ಮೈ ನನ್ನದು. ವಾರವೆಲ್ಲ ಆ ಕ್ಷಣಕ್ಕಾಗಿ ಕಾಯುತ್ತಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಪ್ರತಿ ಸಲವೂ ಅದೇ ಮನುಷ್ಯ, ಅದೇ ಬೂಟು. ಯಜಮಾನನ ಹೆಜ್ಜೆಯ ಜಾಗದಲ್ಲಿ ನನ್ನ ಹೆಜ್ಜೆ ಬಂದು ಕೂತಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಗುಡ್ಡದಲ್ಲಿ ಗುಂಡಿನ ಸದ್ದು ಕೇಳಿತು. ನಾನು ಆಗಷ್ಟೇ ಗುಡ್ಡದ ಹಾದಿಯಲ್ಲಿ ನಡೆದಾಡಿ ಬಂದು ಚಹಾಕ್ಕೆ ಇಟ್ಟಿದ್ದೆ. ಹೊತ್ತು ಇಳಿಯುವಾಗ ಬಾಗಿಲನ್ನು ಯಾರೋ ಪರಪರ ಕೆರೆದರು. ತೆರೆದರೆ ಮಾಮೆ! "ಅಯ್ಯೋ ಬಾರೇ, ಬಾರೇ" ಎಂದು ತಬ್ಬಿಕೊಂಡೆ. ಅವಳು ಮುಖವೆಲ್ಲ ನೆಕ್ಕಿ, ತನ್ನ ಮಾಂಸದ ತುಂಡಿಗಾಗಿ ಎದುರು ಕೂತಳು. ಉದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಕುರೋಕಿ-ಸಾನ್ ಏದುಸಿರು ಬಿಡುತ್ತ ನಿಂತಿದ್ದರು.

"ಹೆಣ್ಣು ಜಿಂಕೆ. ಹೊಟ್ಟೆಗೆ ಗುಂಡು ಬಿದ್ದಿದೆ. ಇವಳನ್ನ ರಕ್ತದ ಮೇಲೇ ಬಿಟ್ಟೆ. ಹಳ್ಳದವರೆಗೂ ಸರಿಯಾಗಿ ಹೋದಳು. ಅಲ್ಲಿಂದ ತಿರುಗಿದವಳು..." ಎಂದು ನನ್ನ ಬೂಟು ನೋಡಿದರು. ಬೆಳಕು ಹೋಗುತ್ತಿತ್ತು. ಕತ್ತಲಾದ ಮೇಲೆ ಬಂದೂಕು ಎತ್ತುವಂತಿಲ್ಲ. "ತಪ್ಪು ನನ್ನದು. ನಾಳೆ ನೀವು ಮನೆ ಬಿಟ್ಟು ಹೊರಗೆ ಬರಬೇಡಿ" ಎಂದು ಮಾಮೆಯನ್ನು ಎಳೆದುಕೊಂಡು ಹೋದರು. ಅವಳು ತಿರುಗಿ ತಿರುಗಿ ನನ್ನನ್ನೇ ನೋಡಿದಳು.

ಮರುದಿನ ಬೆಳಿಗ್ಗೆ ನನ್ನ ಅಂಗಳದ ನಲ್ಲಿಯಲ್ಲಿ ಅವರು ಕೈ ತೊಳೆಯುತ್ತಿದ್ದರು.

"ಸಿಕ್ಕಿತು. ಹಳ್ಳದ ಆಚೆ ದಡದಲ್ಲೇ ಇತ್ತು. ಜೀವ ಹೋಗಿತ್ತು. ಮೈ ಇನ್ನೂ ಬೆಚ್ಚಗಿತ್ತು."

ಬೇಟೆಯ ಗಂಧಗಾಳಿಯಿಲ್ಲದ ನಾನು, ಬೆಚ್ಚಗಿದ್ದರೆ ಒಳ್ಳೆಯದೇ ಇರಬೇಕು, ಮಾಂಸ ಕೆಟ್ಟಿರಲಿಕ್ಕಿಲ್ಲ ಎಂದುಕೊಂಡು "ಒಳ್ಳೆಯದಾಯಿತು" ಎಂದೆ. ಅವರು ನನ್ನತ್ತ ನೋಡಿ ನಲ್ಲಿ ತಿರುಗಿಸಿದರು. ಅವರು ಹೋದ ಮೇಲೆ ನನಗೆ ಅರ್ಥವಾಯಿತು.

ಮತ್ತೆ ಅವರು ನನ್ನನ್ನು ಕಾಡಿಗೆ ಕರೆಯಲಿಲ್ಲ. ದಾರಿಯಲ್ಲಿ ಕಂಡರೆ ಮಾಮೆ ನನ್ನತ್ತ ಜಗ್ಗುತ್ತಿದ್ದಳು. ಅವರು ಅವಳನ್ನು ಬಿಗಿಯಾಗಿ ಹಿಡಿದು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಆಗ ಎಲ್ಲರೂ ಎಲ್ಲರನ್ನೂ ಕಂಡು ಆಚೆ ಬದಿಗೆ ದಾಟುತ್ತಿದ್ದರಾದ್ದರಿಂದ ನೋಡಿದವರಿಗೆ ವಿಶೇಷವೇನೂ ಕಾಣುತ್ತಿರಲಿಲ್ಲ. ಮುಂದೆ ನಾನೇ, ಮಾಮೆ ದೂರದಲ್ಲಿ ಕಂಡರೂ ಓಣಿ ಹಿಡಿಯತೊಡಗಿದೆ.

ಇವತ್ತು ಸುಮಾ ಎಂದಿನಂತೆ, "ಹೋಗ್ಲಿ ಬಿಡು, ಕೊನೆಗೂ ಸಿಕ್ತಲ್ಲಾ" ಎಂದಳು. ಯಾವಾಗಲೂ ಅಲ್ಲಿಗೆ ತಲೆಯಾಡಿಸಿ ಮುಗಿಸುತ್ತಿದ್ದವನು ಇವತ್ತು ಉಳಿದದ್ದನ್ನೂ, ಮೈ ಬೆಚ್ಚಗಿದ್ದದ್ದನ್ನೂ ಹೇಳಿದೆ.

ಅವಳು ನನ್ನತ್ತ ತಿರುಗಿ ಕೂತಳು. "ಅಂದ್ರೆ ರಾತ್ರಿಯೆಲ್ಲಾ ಜೀವ ಇತ್ತಾ ಅದಕ್ಕೆ?"

"ಹೂಂ."

"ನೀನು ಏನ್ ಮಾಡ್ತಿದ್ದೆ ಆ ರಾತ್ರಿ?"

ಮಲಗಿದ್ದೆ. ನನ್ನನ್ನು ಹುಡುಕಿಕೊಂಡು ಒಂದು ಜೀವ ಮನೆಬಾಗಿಲಿಗೆ ಬಂದಿತ್ತಲ್ಲ, ತಿಂಗಳುಗಳ ಮೇಲೆ ಅವತ್ತೇ ನನಗೆ ಕಣ್ತುಂಬ ನಿದ್ದೆ ಬಂದಿತ್ತು.