ಕಂಬ ತಟ್ಟಿ ನೋಡಿದ ಕಾಡಸಿದ್ದಪ್ಪ

ಬೆಳಿಗ್ಗೆ ಏಳೂವರೆಗೆ ಕಾಡಸಿದ್ದಪ್ಪ ಅಟ್ಟದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಹನ್ನೊಂದು ತಿಂಗಳು ಅಟ್ಟದಲ್ಲಿ ಮಲಗಿದ ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ನೀರು ಉಳಿದಿದ್ದರೆ ಗುಳುಗುಳು. ಈ ಎರಡು ಸದ್ದುಗಳ ನಡುವೆಯೇ ಅವನಿಗೆ ಅರವತ್ತೆರಡು ತುಂಬಿತ್ತು.

"ಇಳೀರೀ ಕೆಳಕ್ಕೆ. ಹತ್ತು ಗಂಟೆಗೆ ಆಫೀಸರು ಬತ್ತಾರೆ. ತಲೇಲಿ ಜೇಡರಬಲೆ ಇಟ್ಕೊಂಡು ಹೋದ್ರೆ ನಿಮ್ಮನ್ನೂ ಹೊಯ್ಸಳರ ಕಾಲದ್ದು ಅಂತ ಬರ್ಕೊಂಡೋಯ್ತಾರೆ," ಎಂದಳು ಹೆಂಡತಿ ಸುವರ್ಣಮ್ಮ.

"ಬರ್ಕೊಳ್ಳಿ ಬುಡು. ಸುತ್ತ ಬೇಲಿನಾದ್ರೂ ಹಾಕಿಸ್ತಾರೆ."

ಮಾಯಸಂದ್ರದ ಕಡೆಯ ಆ ಊರಿನಲ್ಲಿ ಹೊಯ್ಸಳರ ಕಾಲದ ಈಶ್ವರನ ಗುಡಿಯಿದೆ. ಬಂದವರಿಗೆ ಮೂವತ್ತು ವರ್ಷದಿಂದ ಅದನ್ನು ತೋರಿಸುತ್ತಿದ್ದವನು ಕಾಡಸಿದ್ದಪ್ಪನೇ. ಬರುತ್ತಿದ್ದವರಲ್ಲಿ ಹೆಚ್ಚಿನವರು ಬೇಲೂರಿಗೆ ಹೊರಟು ದಾರಿ ತಪ್ಪಿದವರು. ಅವರನ್ನೂ ಅವನು ಸುಮ್ಮನೆ ಬಿಡುತ್ತಿರಲಿಲ್ಲ. ಗುಡಿಗೆ ಎಷ್ಟು ವರ್ಷವೆಂದು ಕೇಳಿದರೆ, "ತೆಂಗಿನ ಮರ ಹತ್ತು ಸಲ ಹುಟ್ಟಿ ಸಾಯೋ ಅಷ್ಟು," ಎನ್ನುತ್ತಿದ್ದ.

ಈಚೆಗೆ ಗುಡಿ 'ನೋಡಲೇಬೇಕಾದ ತಾಣ'ಗಳ ಪಟ್ಟಿಗೆ ಸೇರಿತು. ಪಟ್ಟಿಯ ಹಿಂದೆ ಗೇಟು ಬಂತು, ಗೇಟಿನ ಹಿಂದೆ ನಿಯಮ ಬಂತು: ಗೈಡ್ ಕಾರ್ಡಿಲ್ಲದವರು ಯಾರನ್ನೂ ಒಳಗೆ ಕರೆದೊಯ್ಯುವಂತಿಲ್ಲ. ಇದ್ದದ್ದು ಒಂದೇ ಕಾರ್ಡು; ಅದು ಯಾರಿಗೆಂದು ಪರೀಕ್ಷಿಸಲು ಅಧಿಕಾರಿ ಅವತ್ತು ಗುಡಿಗೆ ಬರುವವರಿದ್ದರು. ಅದು ಸಿಗದಿದ್ದರೆ ಕಾಡಸಿದ್ದಪ್ಪ ಗೇಟಿನ ಹೊರಗೇ ನಿಲ್ಲಬೇಕು.

ಕಾರ್ಡಿಗೆ ಅರ್ಜಿ ಹಾಕಿದ್ದ ಇನ್ನೊಬ್ಬ, ತುರುವೇಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ರುದ್ರೇಶ್. ಗುಡಿಯನ್ನು ಅವನು ಮೊದಲು ನೋಡಿದ್ದೇ ಅವತ್ತು. ಗೇಟಿನ ಬಳಿ ನೆಟ್ಟಿದ್ದ ಹೊಸ ಬೋರ್ಡಿನ ಹನ್ನೆರಡು ಸಾಲನ್ನೂ ತಪ್ಪುಗಳ ಸಮೇತ ಒಪ್ಪಿಸಿದ. ಅಧಿಕಾರಿ ತಲೆದೂಗಿದರು. ಬೋರ್ಡು ಬರೆಸಿದವರು ಅವರೇ.

ಕಾಡಸಿದ್ದಪ್ಪ ತನ್ನ ಸರದಿ ಬಂದಾಗ ನವರಂಗದ ನಾಲ್ಕು ಕಂಬಗಳನ್ನು ತೋರಿಸುತ್ತ, ಅಭ್ಯಾಸಬಲದಿಂದ ಬೆರಳ ಗೆಣ್ಣಿನಲ್ಲಿ ತಟ್ಟಿದ. ಮೂರು ಕಂಬ ಠಣ್ ಎಂದವು. ನಾಲ್ಕನೆಯದು ಹೋದ ವರ್ಷ ದುರಸ್ತಿಯಾದದ್ದು. ಅದು ದೊಪ್ ಎಂದಿತು. ಅವನು ಕಿವಿಯಿಟ್ಟು ಮತ್ತೊಮ್ಮೆ ತಟ್ಟಿದ.

"ಏನ್ರೀ ಅದು?" ಎಂದರು ಅಧಿಕಾರಿ.

ಸುಮ್ಮನಿರಬಹುದಿತ್ತು. ಆದರೆ ಕೆಟ್ಟ ಕಾಯಿಯನ್ನು ಒಳ್ಳೆಯ ರಾಶಿಗೆ ಹಾಕಿ ಅವನಿಗೆ ಗೊತ್ತೇ ಇರಲಿಲ್ಲ.

"ಇದು ಕೌಟು ಸ್ವಾಮಿ, ಕೆಟ್ಟ ಕಾಯಿ ಇದ್ದಂಗೆ. ಮೇಲೆ ನೋಡಕ್ಕೆ ಕಲ್ಲು, ಒಳಗೆ ಟೊಳ್ಳು. ಸಿಮೆಂಟ್ ಬಳಿದವ್ರೆ ಅಷ್ಟೆ. ಚಾವಣಿ ಭಾರ ತಡ್ಯಾಕಿಲ್ಲ."

"ಮೂವರು ಎಂಜಿನಿಯರು ನೋಡಿ ಸಹಿ ಹಾಕಿದಾರೆ ಕಣ್ರೀ!"

"ನೋಡವ್ರೆ ಸ್ವಾಮಿ. ತಟ್ಟಿಲ್ಲ."

ಅಧಿಕಾರಿ ಅವನ ಹೆಸರಿನ ಮುಂದೆ ಒಂದು ಸಾಲು ಬರೆದರು: 'ಸ್ಮಾರಕವನ್ನು ಮುಟ್ಟುವ ಚಾಳಿಯಿದೆ.' ಕಾರ್ಡು ರುದ್ರೇಶನ ಕೊರಳಿಗೆ ಬಿತ್ತು.

"ಒಂದಿನ ಆ ಬೆರಳನ್ನ ಜೇಬಲ್ಲಿ ಇಟ್ಕೊಳ್ಳಕ್ಕಾಗ್ಲಿಲ್ವಾ?" ಎಂದಳು ಸುವರ್ಣಮ್ಮ, ಮುದ್ದೆ ಬಡಿಸುತ್ತ.

"ಕಾರ್ಡು ಹೋದ್ರೆ ಹೋಯ್ತು ಕಣೇ. ಆ ಕಂಬದ ಕೆಳಗೆ ಜನ ನಿಂತ್ಕೊಂಡು ಫೋಟೊ ತೆಗಿಸ್ಕೊತಾರೆ."

ಸಂಜೆ ಅವನು ಬಸ್‌ಸ್ಟ್ಯಾಂಡಿಗೆ ಹೋಗಿ ರುದ್ರೇಶನನ್ನು ಹಿಡಿದು ಅದನ್ನೇ ಹೇಳಿದ. ರುದ್ರೇಶ್ ಕಾರ್ಡನ್ನು ಅಂಗಿಯೊಳಗೆ ಸರಿಸಿಕೊಂಡು, ಆಗಲಿ ಎಂದ.

ಸೋಮವಾರದಿಂದ ಗುಡಿ ತೋರಿಸುವವನು ರುದ್ರೇಶ್. ಅವನು ಬಂದವರಿಗೆ ಮೂರೇ ಕಂಬ ತೋರಿಸುತ್ತಾನೆ.