ಹೂವಿನ ಕವರ್ ನೇತುಹಾಕಿದ ಚಕ್ರ

ಒಂಟಿಕೊಪ್ಪಲಿನ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಒಂದು ಸಣ್ಣ ಪಾರ್ಕು. ಕೆಲವು ವರ್ಷಗಳ ಹಿಂದೆ ಅಲ್ಲಿ ವ್ಯಾಯಾಮದ ಸಲಕರಣೆಗಳನ್ನು ನೆಟ್ಟರು. ಹಳದಿ, ನೀಲಿ ಬಣ್ಣ ಬಳಿದ ಕಬ್ಬಿಣದವು. ನೆಡುವಾಗ ಬೀದಿಯವರೆಲ್ಲ ಸುತ್ತ ನಿಂತು ನೋಡಿದರು. ನೆಟ್ಟ ಮೇಲೆ ಯಾವುದು ಯಾವುದಕ್ಕಿದೆಯೋ ಅದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಬಳಸಿದರು. ಕಾಲು ಒತ್ತುವ ಸೀಟಿನಲ್ಲಿ ನಿವೃತ್ತರು ಕೂತು ಪೇಪರ್ ಓದಿದರು. ನಿಂತಲ್ಲೇ ನಡೆಯುವ ಯಂತ್ರದ ಮೇಲೆ ಮಗುವನ್ನು ನಿಲ್ಲಿಸಿಕೊಂಡು ತಾಯಿ ಇಡ್ಲಿ ತಿನ್ನಿಸಿದಳು. ಜೋತು ಬೀಳುವ ಕಂಬಿಯ ಮೇಲೆ ಒಬ್ಬರ ಬೆವರಿನ ಟವೆಲ್ ದಿನವೂ ಒಣಗುತ್ತಿತ್ತು. ಜೀವನವಿಡೀ ಹೈಸ್ಕೂಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು, ಇದನ್ನೆಲ್ಲ ಕಂಡಾಗ ಬಾಯಿ ತುರಿಸುತ್ತಿತ್ತು. ಆದರೂ ಊರ ಉಸಾಬರಿ ನನಗೇಕೆ ಎಂದು ಸುಮ್ಮನಿದ್ದೆ. ನನ್ನ ಗಂಡನ ಬಲಗೈ ಬಿದ್ದುಹೋಗುವವರೆಗೂ ಸುಮ್ಮನಿದ್ದೆ.

ಅವರು ಕಡಕೊಳದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಬೋಲ್ಟಿನ ಥ್ರೆಡ್ಡಿನ ಮೇಲೆ ಹೆಬ್ಬೆರಳು ಸವರಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದ ಕೈ ಅದು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಶ್ ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಹೋದವರು ತಾವೇ ಬಿದ್ದರು. ಲಕ್ವ ಬಲಗಡೆಗೆ ಹೊಡೆದಿತ್ತು. ಮಾತು ಸ್ವಲ್ಪ ದಿನ ತೊದಲಿ ಸರಿಹೋಯಿತು. ಕಾಲು ಎಳೆದುಕೊಂಡಾದರೂ ನಡೆಯಿತು. ಕೈ ಮಾತ್ರ ಹಾಗೇ ನಿಂತುಬಿಟ್ಟಿತು. ಬೆರಳುಗಳು ಒಳಕ್ಕೆ ಮಡಚಿಕೊಂಡು, ಮೊಣಕೈ ಎದೆಗೆ ಅಂಟಿಕೊಂಡು, ಯಾರದೋ ಕೈಯನ್ನು ತಂದು ಇವರಿಗೆ ಜೋಡಿಸಿದಂತೆ ಕಾಣುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಊಟ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣಿ ಎಂದು ಡಾಕ್ಟರು ಹೇಳಿದರು, ಮಗಳು ಹೇಳಿದಳು, ನಾನೂ ಹೇಳಿದೆ. "ಎಡಗೈಲಿ ಉಂಡ್ರೆ ಅದು ಊಟ ಅಲ್ಲ ಕಣೇ," ಎಂದರು. ನಾನು ಕಲಸಿ ತುತ್ತು ಕೊಡಬೇಕಾಯಿತು. ಅದಕ್ಕೂ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಬೇಕು. ಮಧ್ಯದಲ್ಲಿ ಯಾರಾದರೂ ಬೆಲ್ ಒತ್ತಿದರೆ ತಟ್ಟೆ ಆಚೆ ತಳ್ಳಿ ಬಾಯಿ ಒರೆಸಿಕೊಂಡುಬಿಡುವರು. ಮತ್ತೆ ಎಷ್ಟು ಕರೆದರೂ ಇಲ್ಲ, ಆ ಹೊತ್ತಿನ ಊಟ ಅಲ್ಲಿಗೆ ಮುಗಿಯಿತು. ಗಂಡಸು ಅರೆಹೊಟ್ಟೆಯಲ್ಲಿ ಎದ್ದು ಹೋಗುವುದನ್ನು ನೋಡುವುದು ಎಂಥ ಸಂಕಟವೆಂದು ನನಗೆ ಗೊತ್ತು.

ಹಾಗಿರುವಾಗ ಮಗಳು ಬಸುರಾದ ಸುದ್ದಿ ಬಂತು. ಸಂತೋಷಪಟ್ಟರು, ಕಣ್ಣೊರೆಸಿಕೊಂಡರು. ಸೀಮಂತದ ಮಾತು ಬಂದಾಗ ಮುಖ ಬಾಡಿತು. "ಬರ್ತೀನಮ್ಮ, ಆಶೀರ್ವಾದ ಮಾಡ್ತೀನಿ. ಊಟಕ್ಕೆ ಮಾತ್ರ ಕೂರಿಸ್ಬೇಡ," ಎಂದರು. ಬೀಗರ ಎದುರು, ನೆಂಟರ ಎದುರು, ಎಲೆಯ ಮುಂದೆ ಹೆಂಡತಿ ತುತ್ತು ಕೊಡುವುದೋ, ಎಡಗೈ ಹಾಕುವುದೋ? ಎರಡೂ ಅವರಿಂದಾಗದು. ಮಗಳಿಗೆ ನನ್ನದೇ ಹಟ. "ನೀವು ಪಂಕ್ತೀಲಿ ಕೂರ್ದೆ ಇದ್ರೆ ನಾನೂ ಉಣ್ಣಲ್ಲಪ್ಪ," ಎಂದು ಫೋನ್ ಇಟ್ಟಳು. ಬಸುರಿ ಹುಡುಗಿ ತನ್ನ ಸೀಮಂತದ ದಿನ ಉಪವಾಸ ಇರುವುದೇ? ಆ ರಾತ್ರಿ ಅವರು ಎಷ್ಟೋ ಹೊತ್ತು ಬಲಗೈಯನ್ನು ಎಡಗೈಯಿಂದ ಎತ್ತಿ ಎತ್ತಿ ಬಾಯಿಯ ಹತ್ತಿರ ತಂದು ನೋಡುತ್ತಿದ್ದರು. ನಾನು ನಿದ್ದೆ ಬಂದವಳಂತೆ ಮಲಗಿದ್ದೆ.

ಫಿಸಿಯೋ ಮಾಡಿಸುವ ಹುಡುಗಿ, "ಭುಜ ಸಡಿಲ ಆದ್ರೆ ಕೈ ಬಾಯಿಗೆ ಬರುತ್ತೆ ಆಂಟಿ. ಪಾರ್ಕಲ್ಲಿ ಕೈಯಲ್ಲಿ ತಿರುಗಿಸೋ ಚಕ್ರ ಇರುತ್ತಲ್ಲ, ದಿನಾ ತಿರುಗಿಸ್ಲಿ. ನಿಧಾನ ಆದ್ರೂ ಪರವಾಗಿಲ್ಲ, ಅವಸರ ಮಾತ್ರ ಬೇಡ," ಎಂದಳು. ಮಾರನೆಯ ಬೆಳಿಗ್ಗೆಯೇ ಹೊರಟೆವು.

ಚಕ್ರದ ಹಿಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿತ್ತು. ಒಳಗೆ ದಾಸವಾಳ, ಕಣಗಿಲೆ, ನಂದಬಟ್ಟಲು. ತೆಗೆಯಲು ಕೈ ಹಾಕಿದೆ. ಪಾರ್ಕಿನ ಆ ತುದಿಯಿಂದ ಕೂಗು ಬಂತು. "ಮುಟ್ಬೇಡಿ ಟೀಚರ್, ದೇವರ ಹೂವು! ನನ್ ರೌಂಡು ಮುಗಿದ್ಮೇಲೆ ನಾನೇ ತೆಗೀತೀನಿ."

ಪಕ್ಕದ ಬೀದಿಯ ಹಿರಿಯ ಹೆಂಗಸು ಅವರು. ಎಪ್ಪತ್ತು ದಾಟಿರಬೇಕು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಮಫ್ಲರು, ನಡಿಗೆ ಮಾತ್ರ ಪೊಲೀಸರದು. ಬೆಳಕು ಹರಿಯುವ ಮೊದಲೇ ಎದ್ದು ಬೀದಿಯ ಕಾಂಪೌಂಡುಗಳ ಆಚೆ ಬಾಗಿದ ಹೂವನ್ನೆಲ್ಲ ಕೊಯ್ದು ತರುವರು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ. ಪೂಜೆಯ ಹೂವನ್ನು ನೆಲಕ್ಕೆ ಇಡುವ ಹಾಗಿಲ್ಲ, ಬೆವರುವ ಮೈಗೆ ತಾಗಿಸುವ ಹಾಗಿಲ್ಲ. ಅದಕ್ಕೇ ಚಕ್ರಕ್ಕೆ ನೇತುಹಾಕಿ ನಡೆಯಲು ಹೊರಡುವರು. ನಡಿಗೆ ಮುಗಿಸಿ ತಾವೂ ಚಕ್ರ ತಿರುಗಿಸುವರು. ಅವರಿಗೂ ಭುಜ ಹಿಡಿದುಕೊಂಡಿತ್ತಂತೆ. ಹೀಗಾಗಿ ಆ ಕವರು ಬಸ್ಸಿನ ಸೀಟಿಗೆ ಹಾಕಿದ ಕರ್ಚೀಫು ಕೂಡ ಆಗಿತ್ತು. ನಾನು ಅವರಿಗೆ ಹೂವಿನ ಕವರಿನವರು ಎಂದು ಹೆಸರಿಟ್ಟೆ, ಮನಸ್ಸಿನಲ್ಲಿ ಅದಕ್ಕಿಂತ ಖಾರವಾದ ಹೆಸರುಗಳೂ ಇದ್ದವು.

ಕಾದು ಕಾದು, ಅವರು ಕವರು ಇಳಿಸಿಕೊಂಡು ಉಸಿರು ಸುಧಾರಿಸಿಕೊಳ್ಳಲು ಅತ್ತ ಸರಿದಾಗ ನಾನು ಇವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯ ಸುತ್ತ ಇಟ್ಟು, ಮೇಲೆ ನನ್ನ ಅಂಗೈ ಒತ್ತಿ ಹಿಡಿಯುತ್ತಿದ್ದೆ. ಚಕ್ರದ ಹಿಡಿ ಎದೆಮಟ್ಟ ಏರಿ ಅಲ್ಲೇ ನಡುಗಿ ಹಿಂದಕ್ಕೆ ಬರುತ್ತಿತ್ತು. ಎರಡನೆಯ ಸಲ ಎತ್ತುವಷ್ಟರಲ್ಲಿ ಬೆನ್ನ ಹಿಂದೆ ಶೂ ಸದ್ದು, ಆಮೇಲೆ ದನಿ. "ಆಯ್ತಾ?"

"ಆಯ್ತು ಆಯ್ತು, ಬನ್ನಿ," ಎಂದು ಇವರು ಕೈ ತೆಗೆದುಬಿಡುವರು.

ಎಲ್ಲಿ ಆಯಿತು? ಶುರುವೇ ಆಗಿರಲಿಲ್ಲ. ದಿನವೂ ಇದೇ. ಅವರು ಕೇಳುವುದು, ಇವರು ಬಿಟ್ಟುಕೊಡುವುದು. ದಾರಿಯಲ್ಲಿ ನಾನು ಸಿಡಿಯುತ್ತಿದ್ದೆ. "ಚಕ್ರ ಬಿಟ್ಕೊಟ್ಟಂಗೆ ಮಗಳ ಊಟಾನೂ ಬಿಟ್ಕೊಡ್ತೀರೇನ್ರೀ?" ಎಂದು ಕೇಳಿದರೆ, "ಹಿರಿಯರು ಕಣೇ. ಹಿಂದೆ ಯಾರಾದ್ರೂ ಬಂದು ನಿಂತ್ರೆ ನಂಗೆ ಕೈ ಏಳಲ್ಲ," ಎನ್ನುವರು. ನಾವು ಇನ್ನೂ ಬೇಗ ಹೋಗಿ ನೋಡಿದೆವು. ಕವರು ನಮಗಿಂತ ಮೊದಲೇ ಬಂದು ಇಬ್ಬನಿ ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು. ನಮ್ಮನ್ನು ಕಂಡು ಪೇಪರಿನ ನಿವೃತ್ತರು ಸೀಟಿನಿಂದ ಏಳದೆಯೇ, "ಹೊಂದ್ಕೊಂಡ್ ಹೋಗ್ಬೇಕು ಕಣಮ್ಮ," ಎಂದು ನನಗೆ ಬುದ್ಧಿ ಹೇಳಿದರು.

ಸೀಮಂತದ ದಿನ ಗೊತ್ತಾಯಿತು. ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಕವರನ್ನು ಸೀದಾ ಹಿಡಿಯಿಂದ ಬಿಡಿಸಿಕೊಂಡೆ. ಹೂವಿನ ಕವರಿನವರು ಅರ್ಧ ರೌಂಡಿನಲ್ಲೇ ನಿಂತು, ಅಡ್ಡ ದಾಟಿಕೊಂಡು ನಮ್ಮ ಕಡೆ ಹೊರಟರು.

"ನೆಲಕ್ಕೆ ಇಟ್ಟುಗಿಟ್ಟೀರಿ ಟೀಚರ್!"

"ಪಾರಿಜಾತ ನೆಲಕ್ಕೆ ಬಿದ್ದಿದ್ದನ್ನೇ ಆಯ್ದು ಪೂಜೆ ಮಾಡಲ್ವಾ ನೀವು?"

"ಇದು ಪಾರಿಜಾತ ಅಲ್ಲ, ದಾಸವಾಳ!"

ನಿಜ ಹೇಳಬೇಕೆಂದರೆ ನನ್ನಿಂದಲೂ ಅದನ್ನು ನೆಲಕ್ಕಿಡಲು ಆಗುತ್ತಿರಲಿಲ್ಲ. ನಾನೂ ಅದೇ ನೀರು ಕುಡಿದು ಬೆಳೆದವಳು. ಕವರು ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಪಕ್ಕದಿಂದ ಒಂದು ಕೈ ಮುಂದೆ ಬಂತು. "ಕೊಡಿಲ್ಲಿ," ಎಂದರು ನನ್ನ ಗಂಡ. ಬಂದದ್ದು ಬಲಗೈ. ದೇವರ ಹೂವನ್ನು ಎಡಗೈಯಲ್ಲಿ ಇಸಿದುಕೊಂಡು ಗೊತ್ತಿಲ್ಲದ ಮನುಷ್ಯ, ಆ ಗಳಿಗೆಯಲ್ಲಿ ತಮ್ಮ ಬಲಗೈಗೆ ಏನಾಗಿದೆ ಎನ್ನುವುದನ್ನೇ ಮರೆತಿದ್ದರು. ಮೊಣಕೈ ಎದೆಯಿಂದ ಒಂದು ಗೇಣು ಬಿಟ್ಟುಕೊಂಡಿತ್ತು. ಮಡಚಿಕೊಂಡೇ ಇದ್ದ ಬೆರಳುಗಳಿಗೆ ನಾನು ಕವರಿನ ಕಿವಿ ಸಿಕ್ಕಿಸಿದೆ. ಕೊಕ್ಕೆಗೆ ಸಿಕ್ಕಿಸಿದ ಹಾಗೆ ಅದು ಅಲ್ಲಿ ನಿಂತಿತು.

ಹೂವಿನ ಕವರಿನವರು ಹತ್ತಿರ ಬಂದು ಆ ಕೈಯನ್ನು ನೋಡಿದರು. ಕವರಿನೊಳಗಿನ ದಾಸವಾಳ ಅಲುಗುತ್ತಿತ್ತು, ಆದರೂ ಕೈ ಕೆಳಗಿಳಿಯಲಿಲ್ಲ. ಇಷ್ಟು ದಿನ ಅವರು ಬೆನ್ನ ಹಿಂದೆ ನಿಂತವರು. ಎದುರಿನಿಂದ ನೋಡಿದ್ದು ಅವತ್ತೇ ಮೊದಲು. ಕವರು ತೆಗೆದುಕೊಂಡು, ಅವತ್ತು ಚಕ್ರ ತಿರುಗಿಸದೆ ಮನೆಗೆ ಹೋದರು.

ಮಾರನೆಯ ದಿನ ಚಕ್ರ ಖಾಲಿ ಇತ್ತು. ಅವರು ಗೇಟಿನ ಹತ್ತಿರವೇ ಕಾದಿದ್ದರು. "ಸ್ವಾಮಿ, ಸ್ವಲ್ಪ ಹಿಡ್ಕೊಂಡಿರಿ. ಒಂದ್ ರೌಂಡ್ ಹಾಕ್ಬಂದ್ಬುಡ್ತೀನಿ," ಎಂದು ಕವರನ್ನು ಇವರ ಬಲಗೈಗೆ ಸಿಕ್ಕಿಸಿ ಹೊರಟೇಬಿಟ್ಟರು. ನನಗೆ ಮೈ ಉರಿಯಿತು. ಚಕ್ರದಿಂದ ಇಳಿದ ಕವರು ನನ್ನ ಗಂಡನ ಮೇಲೆ ಬಂತಲ್ಲ! ನಾನು ಕಿತ್ತುಕೊಳ್ಳಲು ಹೋದರೆ ಇವರು, "ಇರ್ಲಿ ಸುಮ್ನಿರೇ," ಎಂದು ಗದರಿದರು. ಲಕ್ವ ಹೊಡೆದ ಮೇಲೆ ಅವರು ನನ್ನನ್ನು ಗದರಿರಲಿಲ್ಲ. ಯಾರೂ ಅವರಿಗೆ ಒಂದು ಕೆಲಸ ಹೇಳಿಯೂ ಇರಲಿಲ್ಲ. ಆ ಕೈಯನ್ನು ಎಲ್ಲರೂ ಅಯ್ಯೋ ಪಾಪ ಎಂದು ನೋಡಿದವರೇ.

ಅದೇ ಪದ್ಧತಿಯಾಯಿತು. ಮೊದಲು ಹೂವು ಹಿಡಿದುಕೊಳ್ಳುವುದು, ಆಮೇಲೆ ಚಕ್ರ. ಹೂವಿನ ಕವರಿನವರು ಬದಲಾದರು ಎಂದು ಹೇಳಲಾರೆ. ಚಕ್ರದ ಹತ್ತಿರ ಬಂದರೆ ಈಗಲೂ ಬಾಯಿತಪ್ಪಿ "ಆಯ್ತಾ?" ಎನ್ನುವರು, ನಾನು ತಿರುಗಿ ನೋಡಿದರೆ ಇನ್ನೊಂದು ರೌಂಡು ಹೋಗುವರು. ಒಂದು ದಿನ ಕವರು ಭಾರವಾಗಿದೆ ಎನಿಸಿ ಬಗ್ಗಿ ನೋಡಿದೆ. ಹೂವಿನ ಕೆಳಗೆ ತೆಂಗಿನಕಾಯಿ ಇತ್ತು. ಕೇಳಿದ್ದಕ್ಕೆ, "ಪೂಜೆಗೆ ಕಣ್ರೀ, ಇನ್ನೇನಕ್ಕೆ?" ಎಂದು ಮುಖ ತಿರುಗಿಸಿದರು. ಮಾರನೆಯ ದಿನವೂ ಇವರ ಕೈಗೆ ಅದೇ ಭಾರ ಬಂತು. ದಿನವೂ ತೆಂಗಿನಕಾಯಿ ಒಡೆಯುವ ಮನೆ ಅವರದಲ್ಲ ಎಂದು ನನಗೆ ಗೊತ್ತಿತ್ತು.

ಚಕ್ರದ ಹಿಡಿ ಭುಜದ ಮಟ್ಟ ದಾಟಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮೊಸರನ್ನದಲ್ಲಿ ಅಭ್ಯಾಸ ಮಾಡಿದರು. ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು. ಆದರೂ ಅರ್ಧ ಬಾಯಿಗೆ ಹೋಗುತ್ತಿತ್ತು. ಕುಂಕುಮ ಕೊಟ್ಟು ನಾನು ಹೂವಿನ ಕವರಿನವರನ್ನು ಸೀಮಂತಕ್ಕೆ ಕರೆದೆ. "ಸಕ್ಕರೆ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು ನಂಗೆ. ಮೊದಲ್ನೇ ಪಂಕ್ತೀಲೇ ಕೂರ್ತೀನಿ, ಈಗ್ಲೇ ಹೇಳಿದೀನಿ," ಎಂದರು.

ಸೀಮಂತ ಛತ್ರದಲ್ಲಿ ನಡೆಯಿತು. ನಮ್ಮ ಛತ್ರಗಳ ಊಟದ ಮನೆಯ ರೀತಿ ಗೊತ್ತಲ್ಲ. ಒಬ್ಬರು ಸಾರು ಅನ್ನದಲ್ಲಿರುವಾಗಲೇ ಮುಂದಿನ ಪಂಕ್ತಿಯವರು ಬಂದು ಕುರ್ಚಿಯ ಹಿಂದೆ ನಿಂತು ಬೆನ್ನಿನ ಮೇಲೆ ಕೈ ಊರುತ್ತಾರೆ. ಉಣ್ಣುವವನ ಕತ್ತಿನ ಮೇಲೆ ನಿಂತವನ ಉಸಿರು. ಇವರನ್ನು ಕೊನೆಯ ಪಂಕ್ತಿಗೆ ಕೂರಿಸಬೇಕೆಂದು ನಾನು ಲೆಕ್ಕ ಹಾಕಿದ್ದೆ. ಬೀಗರು ಕೇಳಲಿಲ್ಲ, ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಎದುರಿನ ಸಾಲಿನಲ್ಲಿ ಹಸಿರು ಬಳೆ ತೊಟ್ಟ ಮಗಳು ಅಪ್ಪನನ್ನೇ ನೋಡುತ್ತ ಎಲೆಯ ಮುಂದೆ ಕೂತಿದ್ದಳು.

ಇವರು ಬಲಗೈಯಿಂದ ಎಲೆ ಮುಟ್ಟಿದರು. ಮೊದಲ ತುತ್ತು ಬಾಯಿಗೆ ಹೋಯಿತು. ಆಗ ಮಗಳು ಉಂಡಳು. ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಬಡಿಸುವ ನೆಪದಲ್ಲಿ ದೂರದಿಂದ ನೋಡುತ್ತಿದ್ದೆ. ಬೀಗರದು ಮಜ್ಜಿಗೆ ಅನ್ನವಾಯಿತು, ಇವರು ಇನ್ನೂ ಸಾರಿನಲ್ಲಿದ್ದರು. ಅಷ್ಟರಲ್ಲಿ ಒಬ್ಬರು ದಪ್ಪನೆಯ ನೆಂಟರು ಬಂದು ಇವರ ಕುರ್ಚಿಯ ಬೆನ್ನು ಹಿಡಿದು ನಿಂತರು. ಇವರ ಭುಜ ಕುಸಿದದ್ದು ನನಗೆ ಅಲ್ಲಿಂದಲೇ ಕಾಣಿಸಿತು. ಕೈ ಅನ್ನ ಬಿಟ್ಟು ಎಲೆಯ ಅಂಚಿಗೆ ಸರಿಯಿತು. ಇನ್ನು ಎದ್ದುಬಿಡುತ್ತಾರೆ ಎಂದುಕೊಂಡೆ.

ಎಲ್ಲಿದ್ದರೋ ಹೂವಿನ ಕವರಿನವರು ಬಂದರು. ಮೊದಲ ಪಂಕ್ತಿಯಲ್ಲಿ ಅವರು ಕೂತೇ ಇರಲಿಲ್ಲ. ತಮ್ಮ ಬಟ್ಟೆಯ ಚೀಲವನ್ನು ಆ ಕುರ್ಚಿಯ ಮೂಲೆಗೆ ನೇತುಹಾಕಿ, "ಈ ಕುರ್ಚಿ ನಂದು ಕಣಪ್ಪ, ನೀನು ಬೇರೆ ಕಡೆ ನೋಡ್ಕೊ," ಎಂದು ನೆಂಟರನ್ನು ಕಳಿಸಿದರು. ಆಮೇಲೆ ತಾವೂ ಹತ್ತಿರ ನಿಲ್ಲಲಿಲ್ಲ. ಗೋಡೆಯವರೆಗೆ ಹಿಂದಕ್ಕೆ ಹೋಗಿ ಕಿಟಕಿಯ ಆಚೆ ನೋಡುತ್ತ ನಿಂತರು.

ಸಾಲು ಎದ್ದಿತು. ಎಲೆ ತೆಗೆಯುವವರು ಬಂದಾಗ, "ತಡಿಯಪ್ಪಾ, ಇಲ್ಲಿನ್ನೂ ಉಣ್ತಿದಾರೆ," ಎಂದು ಅಲ್ಲಿಂದಲೇ ಕೂಗಿದರು. ಬೀಗರೂ ಕೈ ಒಣಗಿಸಿಕೊಂಡು ಕೂತೇ ಇದ್ದರು. ಮಗಳು ಕೂತಿದ್ದಳು. ಇವರ ಕೈ ಮತ್ತೆ ಅನ್ನಕ್ಕೆ ಹೋಯಿತು. ಎಲೆಯ ಸುತ್ತ ಅನ್ನ ಚೆಲ್ಲಿತ್ತು, ಪಂಚೆಯ ಮೇಲೂ ಚೆಲ್ಲಿತ್ತು. ಮಜ್ಜಿಗೆ ಅನ್ನದ ಕೊನೆಯ ತುತ್ತಿನವರೆಗೂ ಉಂಡರು. ಬಲಗೈಯಿಂದಲೇ ಎಲೆ ಮಡಚಿದರು.

ಎದ್ದು, ಕುರ್ಚಿ ಹಿಡಿದುಕೊಂಡು ತಿರುಗಿದರು. ಗೋಡೆಯ ಹತ್ತಿರ ನಿಂತ ಅವರನ್ನು ಕಂಡು, ಪಾರ್ಕಿನಲ್ಲಿ ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದರು.

"ಆಯ್ತು ಅಮ್ಮ, ಬನ್ನಿ."

"ನಾನು ಕೇಳ್ಲೇ ಇಲ್ವಲ್ಲ ಸ್ವಾಮಿ," ಎಂದರು ಹೂವಿನ ಕವರಿನವರು. ಊಟದ ಹೊತ್ತು ಮೀರಿಹೋಗಿದ್ದ ಸಕ್ಕರೆ ಕಾಯಿಲೆಯವರು ಗೋಡೆ ಹಿಡಿದುಕೊಂಡೇ ಕುರ್ಚಿಯ ಕಡೆ ಹೆಜ್ಜೆ ಇಟ್ಟರು. ನಾನು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಎಲ್ಲರೆದುರು ಅತ್ತುಬಿಟ್ಟೆ.