ಹೊಲಿಗೆಯಕ್ಕ ಮತ್ತು ಉಲ್ಟಾ ಅರ್ತಿನ ಕಾರು

ಗ್ಯಾರೇಜು ಸಾಲಿನಲ್ಲಿ ಅವಳನ್ನು ಇವತ್ತಿಗೂ ಹೊಲಿಗೆಯಕ್ಕ ಎನ್ನುತ್ತಾರೆ. ಬಟ್ಟೆ ಹೊಲಿಯುವುದನ್ನು ಬಿಟ್ಟು ಯಾವ ಕಾಲವಾಯಿತೋ. ಗಂಡ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದ. ಮಾವ ಕಾರುಗಳ ಎಲೆಕ್ಟ್ರಿಷಿಯನ್. ಕಣ್ಣು ಮಂಜಾಗಿ ವೈರುಗಳ ಬಣ್ಣ ಗೊತ್ತಾಗದೆ ಹೋದಾಗ ಮಾವ, "ಸ್ವಲ್ಪ ಬಂದು ನೋಡಮ್ಮ, ಇದು ಹಸಿರೋ ನೀಲಿಯೋ" ಎಂದು ಸೊಸೆಯನ್ನು ಕರೆದರು. ನೋಡಲು ಹೋದವಳು ಅಲ್ಲೇ ಉಳಿದಳು.

ಬಾಗಿಲು ಮುಚ್ಚಿದ ರೇಡಿಯೊ ರಿಪೇರಿ ಅಂಗಡಿಯಿಂದ ಅವಳು ಹಳೆಯ ಆಸಿಲೋಸ್ಕೋಪೊಂದನ್ನು ತಂದಳು. ಕರೆಂಟಿನ ಏರಿಳಿತವನ್ನು ಪುಟ್ಟ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ತಗಡಿನ ಮೈ. ಅದರ ಕಪ್ಪು ಕ್ಲಿಪ್ಪು ಅರ್ತಿನದು, ಅಂದರೆ ಕರೆಂಟು ವಾಪಸಾಗುವ ದಾರಿಯದು. ಒಳಗಿಂದ ಆ ತಗಡಿಗೇ ಸೇರಿಕೊಂಡಿರುತ್ತದೆ. ಯಾವ ಕಾರು ಬಂದರೂ ಅವಳು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸುತ್ತಿದ್ದಳು. ಕಾರಿನ ಮೈಯೂ ಆ ಮೈನಸ್ಸಿಗೇ ಸೇರಿರುತ್ತಿದ್ದರಿಂದ ಏನೂ ಆಗುತ್ತಿರಲಿಲ್ಲ.

ಒಂದು ದಿನ ಬೇಕರಿಯವನು ತಾತನ ಕಾಲದ ಕಾರನ್ನು ತಂದ. "ಇದರ ಕೆಮ್ಮು ನಿಲ್ತಾನೇ ಇಲ್ಲ ಅಕ್ಕ. ಎಲ್ರೂ ಕೈಚೆಲ್ಲಿದ್ದಾರೆ."

ಅವಳು ಯಂತ್ರವನ್ನು ಬಣ್ಣ ಸವೆದ ಮಡ್‌ಗಾರ್ಡಿನ ಮೇಲಿಟ್ಟು, ಎಂದಿನಂತೆ ಕ್ಲಿಪ್ಪು ಹಾಕಿದಳು.

ಫಟ್ ಎಂದಿತು. ಕ್ಲಿಪ್ಪಿನ ವೈರು ಕಣ್ಣೆದುರೇ ಕೆಂಡವಾಯಿತು, ಹೊಗೆ ಎದ್ದಿತು, ವೈರು ಸುಟ್ಟು ತುಂಡಾಗಿ ಬಿತ್ತು.

"ದೂರ ಬಾಮ್ಮ!" ಮಾವ ಕೂಗಿದರು. "ಬ್ಯಾಟರಿ ಹತ್ರ ಗ್ಯಾಸಿರುತ್ತೆ, ಕಿಡಿ ತಗುಲಿದ್ರೆ ಸಿಡಿಯುತ್ತೆ!"

ಅವಳು ಹಿಂದೆ ಸರಿದು ಸ್ಟೂಲಿನ ಮೇಲೆ ಕೂತಳು. "ಹನ್ನೆರಡೇ ವೋಲ್ಟ್ ಅಲ್ವಾ ಮಾವ? ದಿನಾ ಮುಟ್ತೀನಿ, ಚುರುಕ್ ಅಂತಾನೂ ಅನ್ನಲ್ಲ."

"ನಿನಗೆ ಅನ್ನಲ್ಲ ಕಣಮ್ಮ. ತಾಮ್ರಕ್ಕೆ ಅನ್ನುತ್ತೆ."

ಒಂದು ಡಬ್ಬಿಯೊಳಗೆ ಇಷ್ಟು ಬೆಂಕಿ ಸದ್ದಿಲ್ಲದೆ ಕೂತಿರುತ್ತದಲ್ಲ ಎಂದು ಅವಳು ಆ ಬ್ಯಾಟರಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಕೈಮೀಟರಿನಲ್ಲಿ ಅಳೆದಳು. ಮೈನಸ್ಸು ಕಾರಿನ ಮೈಗೆ ಸೇರಿರಲೇ ಇಲ್ಲ.

"ಮಾವ, ಇದರ ಬಾಡಿನೇ ಪ್ಲಸ್ಸು!"

ಮಾವ ಹಣೆ ಚಚ್ಚಿಕೊಂಡರು. "ತುಂಬಾ ಹಳೇ ಗಾಡಿಗಳು ಕೆಲವು ಹಾಗಿರ್ತಿದ್ವು. ಮರ್ತೇ ಬಿಟ್ಟಿದ್ದೆ ನೋಡು."

"ನಮ್ಮ ತಾತನೂ ಹಂಗೇ," ಎಂದ ಬೇಕರಿಯವನು. "ಊರೆಲ್ಲ ಹೌದು ಅಂದ್ರೆ ಅವ್ರೊಬ್ರು ಅಲ್ಲ ಅನ್ನೋರು."

ಪ್ಲಸ್ಸಾಗಿದ್ದ ಮಡ್‌ಗಾರ್ಡಿನಿಂದ ಹೊರಟ ಕರೆಂಟು ಯಂತ್ರದ ತಗಡು ಹತ್ತಿ, ಕ್ಲಿಪ್ಪಿನ ಮೂಲಕ ಮೈನಸ್ಸಿಗೆ ನೇರ ದಾರಿ ಕಂಡುಕೊಂಡಿತ್ತು. ಪುಣ್ಯಕ್ಕೆ ಸುಟ್ಟದ್ದು ವೈರೊಂದೇ. ಮರುದಿನ ಅವಳು ಹೊಸ ವೈರು ಹಾಕಿ, ಯಂತ್ರವನ್ನು ಮರದ ಮೇಜಿನ ಮೇಲಿಟ್ಟಳು. ಬ್ಯಾಟರಿಯಿಂದ ದೂರದಲ್ಲಿ ಎಂಜಿನ್ನಿನ ಕಬ್ಬಿಣವನ್ನು ಹೊಳೆಯುವಂತೆ ಉಜ್ಜಿದಳು. ಕ್ಲಿಪ್ಪಿಗೂ ಆ ಕಬ್ಬಿಣಕ್ಕೂ ನಡುವೆ ಮೀಟರು ಹಿಡಿದಳು: ಸೊನ್ನೆ ವೋಲ್ಟ್. ಆಮೇಲೆಯೇ ಕಚ್ಚಿಸಿದ್ದು. ಯಂತ್ರದ ಇನ್ನೊಂದು ವೈರನ್ನು ಪ್ಲಗ್ಗುಗಳಿಗೆ ಕರೆಂಟು ಹೋಗುವ ದಪ್ಪ ವೈರಿನ ಹೊರಗೆ ಸುತ್ತಿದಳು. ಅಂದಿನಿಂದ ಯಾವ ಗಾಡಿ ಬಂದರೂ ಅವಳದು ಮೊದಲು ಮೀಟರು, ಆಮೇಲೆ ಕ್ಲಿಪ್ಪು.

ಎಂಜಿನ್ ಕೆಮ್ಮುತ್ತಾ ಶುರುವಾಯಿತು. ಪರದೆಯ ಮೇಲೆ ಪ್ಲಗ್ಗಿನ ಕಿಡಿಗೊಂದರಂತೆ ಹಸಿರು ಮುಳ್ಳುಗಳು ತಲೆಕೆಳಗಾಗಿ ಇಳಿಬಿದ್ದವು, ನಾಲ್ಕರಲ್ಲಿ ಒಂದು ಮಾತ್ರ ಮೋಟು. ಆ ಪ್ಲಗ್ಗಿನ ವೈರು ಬಿರುಕು ಬಿಟ್ಟಿತ್ತು. ಬದಲಿಸಿದಳು. ನಾಲ್ಕೂ ಸಮನಾದವು, ಕೆಮ್ಮು ನಿಂತಿತು.

ಮಾವ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಬಣ್ಣ ಕಾಣದ ಕಣ್ಣಿಗೂ ಆ ಬೆಳಕಿನ ಗೆರೆ ಕಂಡಿತು.

"ಜೀವಮಾನವೆಲ್ಲ ಕಿವಿಯಲ್ಲಿ ಕೇಳಿದ್ದು ಇದನ್ನೇನಾ?" ಅವರ ದನಿ ಅಷ್ಟು ಮೆಲ್ಲಗಾಗಿದ್ದನ್ನು ಸೊಸೆ ಎಂದೂ ಕೇಳಿರಲಿಲ್ಲ. "ಇಷ್ಟು ಚೆನ್ನಾಗಿರುತ್ತೇನಮ್ಮ ಇದು?"

ಬೇಕರಿಯವನು ಎಂಜಿನ್ ಆಫ್ ಮಾಡಿದ. ಗೆರೆ ನೆಟ್ಟಗೆ ಮಲಗಿತು.

"ಇನ್ನೊಂದ್ಸಲ ಸ್ಟಾರ್ಟ್ ಮಾಡಪ್ಪ," ಎಂದರು ಮಾವ. "ಸುಮ್ನೆ, ನೋಡೋಕೆ."